ಚುಚ್ಚುಮದ್ದು ಪಡೆದ ಮೇಲೆ ಮುಟ್ಟು ನಿಂತರೆ

ಮೊದಲ ಮಗುವಿಗೂ ಎರಡನೆಯದಕ್ಕೂ ನಡುವೆ ಮೂರು ವರ್ಷಗಳಾದರೂ ಅಂತರವಿರಲೆಂದು ಬಯಸುವ ದಂಪತಿಗಳಿಗೆ ಇರುವ ಉಪಾಯಗಳಲ್ಲಿ ‘ಅಂತರಾ’ ಚುಚ್ಚುಮದ್ದೂ ಒಂದು. 2017ರಲ್ಲಿ ಇದು ದೇಶದ ಕುಟುಂಬ ಕಲ್ಯಾಣ ಕಾರ್ಯಕ್ರಮಕ್ಕೆ ಸೇರಿತು. ಮೂರು ತಿಂಗಳಿಗೊಮ್ಮೆ ಪಡೆದರೆ ಸಾಕು. ಹೆರಿಗೆಯಾಗಿ ಆರು ವಾರ ಕಳೆದ ತಾಯಿಯು ಎದೆಹಾಲು ಕುಡಿಸುತ್ತಲೇ ಇದನ್ನು ಪಡೆಯಬಹುದು. ಆದರೂ ಒಮ್ಮೆ ಪಡೆದ ಎಷ್ಟೋ ಯುವತಿಯರು ಮತ್ತೆ ಬರುವುದಿಲ್ಲ. ಮುಟ್ಟಿನಲ್ಲಾಗುವ ಬದಲಾವಣೆಯೇ ಅವರ ಅಂಜಿಕೆಗೆ ಮುಖ್ಯ ಕಾರಣ.

ಈ ಬದಲಾವಣೆಯನ್ನು ನೀವಿಬ್ಬರೂ ಮುಂಚಿತವಾಗಿಯೇ ಅರಿತಿರಬೇಕು. ಮೊದಲ ಕೆಲವು ತಿಂಗಳು ಅಕಾಲದಲ್ಲಿ ಸ್ವಲ್ಪ ಸ್ವಲ್ಪ ರಕ್ತ ಕಾಣಿಸಬಹುದು. ಅನಂತರ ಅನೇಕರಲ್ಲಿ ಮುಟ್ಟು ಪೂರ್ಣವಾಗಿ ನಿಲ್ಲುವುದೂ ಉಂಟು. ‘ಕೆಟ್ಟ ರಕ್ತ ಒಳಗೇ ಕಟ್ಟಿ ತಲೆಗೇರುತ್ತದೆ’ ಎಂದು ನೆರೆಹೊರೆಯವರು ಹೆದರಿಸಿಯಾರು. ಗರ್ಭಕೋಶವು ರಕ್ತವನ್ನು ತುಂಬಿಡುವ ಕಣಜವಲ್ಲ. ಪ್ರತಿ ತಿಂಗಳೂ ಅದರ ಒಳಪೊರೆ ದಪ್ಪವಾಗಿ ಬೆಳೆದು ಕಳಚಿಬೀಳುವುದೇ ಮುಟ್ಟು. ಚುಚ್ಚುಮದ್ದಿನಿಂದ ಆ ಪೊರೆ ತೆಳುವಾಗಿಯೇ ಉಳಿಯುವುದರಿಂದ ಕಳಚುವುದಕ್ಕೆ ಏನೂ ಇರುವುದಿಲ್ಲ. ಆದರೆ ರಕ್ತಸ್ರಾವವು ಅತಿಯಾದರೆ, ಎಂಟು ದಿನಗಳನ್ನು ಮೀರಿದರೆ, ತಡಮಾಡದೆ ವೈದ್ಯರ ಬಳಿಗೆ ಬರಬೇಕು.

ಗಂಡನಾದವನಿಗೆ ಒಂದು ಮಾತು. ಸೊಸೆ ಮುಟ್ಟಾಗದಿದ್ದರೆ ಮನೆಯ ಹಿರಿಯರು ಕೇಳಿಯೇ ಕೇಳುತ್ತಾರೆ. ಬಸಿರೆಂದೋ ಬಂಜೆತನವೆಂದೋ ಮಾತು ಹಬ್ಬುತ್ತದೆ. ಹೇಳುವುದಕ್ಕೆ ಹೆಂಡತಿ ಒಪ್ಪಿದರೆ ಉತ್ತರ ಕೊಡುವ ಕೆಲಸ ನಿಮ್ಮದು, ಆಕೆಯೊಬ್ಬಳ ತಲೆಗೆ ಅದನ್ನು ಕಟ್ಟಬೇಡಿ. ಬಂಜೆತನದ ಭಯಕ್ಕೆ ಆಧಾರವಿಲ್ಲ. ಕೊನೆಯ ಚುಚ್ಚುಮದ್ದಿನ ನಂತರ ಗರ್ಭ ನಿಲ್ಲಲು ಸಾಮಾನ್ಯವಾಗಿ ಏಳರಿಂದ ಹತ್ತು ತಿಂಗಳು ಹಿಡಿಯುತ್ತದೆ, ಅಷ್ಟೇ. ವರ್ಷದೊಳಗೇ ಮಗು ಬೇಕೆನ್ನುವವರು ನಿರೋಧ್ ಅಥವಾ ಮಾತ್ರೆಯನ್ನು ಆರಿಸಿಕೊಳ್ಳುವುದು ಮೇಲು.

ಮೊದಲ ಬಾರಿ ಬಂದಾಗ ರಕ್ತದೊತ್ತಡ, ಸ್ತನದ ಗಂಟು, ಕಾರಣ ತಿಳಿಯದ ರಕ್ತಸ್ರಾವ ಇವುಗಳಿದ್ದರೆ ಮರೆಮಾಚದೆ ತಿಳಿಸಿರಿ. ಅತ್ತೆಯ ಎದುರಿಗೆ ಹೇಳಲಾಗದ ಸಂಗತಿಯಿದ್ದರೆ ಆರೋಗ್ಯ ಸಹಾಯಕಿಯೊಡನೆ ಏಕಾಂತದಲ್ಲಿ ಮಾತನಾಡಬೇಕೆಂದು ಕೇಳಿರಿ. ಅದು ನಿಮ್ಮ ಹಕ್ಕು. ಹೊರಗೆ ಸಾಲು ಉದ್ದವಾಗಿದೆಯೆಂದು ಅರ್ಧ ಪ್ರಶ್ನೆಗೇ ಎದ್ದುಹೋಗಬೇಡಿ. ನಮ್ಮ ಕೇಂದ್ರಗಳಲ್ಲಿ ಸಾಲು ಯಾವಾಗಲೂ ಉದ್ದವೇ. ಒಗ್ಗದಿದ್ದರೆ ವಾರದ ‘ಛಾಯಾ’ ಮಾತ್ರೆಯುಂಟು, ವಂಕಿಯುಂಟು. ಬದಲಿಸಿಕೊಳ್ಳಲು ಸಂಕೋಚ ಬೇಡ.

ಮುಂದಿನ ದಿನಾಂಕ ಬರೆದ ಚೀಟಿಯನ್ನು ಪಡಿತರ ಚೀಟಿಯೊಡನೆ ಇಟ್ಟುಕೊಳ್ಳಿರಿ. ಸುಗ್ಗಿಯ ಕೆಲಸದಲ್ಲಿ ದಿನ ತಪ್ಪಿದರೂ ನಾಲ್ಕು ವಾರಗಳ ಒಳಗೆ ಬಂದು ಪಡೆಯಬಹುದು. ಅದನ್ನೂ ಮೀರಿದರೆ ಕೂಡದೆ ಇರುವುದು ಇಲ್ಲವೆ ನಿರೋಧ್ ಬಳಸುವುದು, ಮತ್ತು ಕೇಂದ್ರಕ್ಕೆ ಬಂದು ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಮತ್ತೆ ಆರಂಭಿಸುವುದು.