ಬಾಣಂತಿಯ ಎದೆಯುರಿ, ಔಷಧ ಮತ್ತು ಎದೆಹಾಲು



ರಾಗಿಯ ಬೀಜೋಪಚಾರದ ವಿಷಯ ತಿಳಿಸಲು ಒಂದು ಹಳ್ಳಿಗೆ ಹೋಗಿದ್ದಾಗ, ಸಭೆ ಮುಗಿದ ಮೇಲೆ ತರುಣ ರೈತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಬೇರೊಂದು ಪ್ರಶ್ನೆ ಕೇಳಿದರು. ಅವರ ಹೆಂಡತಿ ಹೆತ್ತು ಐದು ವಾರವಾಗಿತ್ತು. ಎದೆಯುರಿ ತಾಳಲಾರದೆ ಆಕೆ ಪೇಟೆಯಿಂದ ತರಿಸಿದ ಬಿಳಿಯ ಔಷಧವನ್ನು ಎರಡು ಚಮಚ ಕುಡಿದಿದ್ದರು. ಔಷಧವೆಲ್ಲ ಹಾಲಿಗಿಳಿದು ಕೂಸಿಗೆ ವಿಷವಾಗುತ್ತದೆ ಎಂದು ಮನೆಯ ಹಿರಿಯರು ಹೆದರಿಸಿದ್ದರಿಂದ ಅಂದಿನಿಂದ ಎದೆಹಾಲು ಬಿಡಿಸಿ, ನೀರು ಬೆರೆಸಿದ ಹಸುವಿನ ಹಾಲನ್ನು ಬಾಟಲಿಯಲ್ಲಿ ಕುಡಿಸುತ್ತಿದ್ದರು. ಮೂರನೆಯ ದಿನಕ್ಕೆ ಕೂಸಿಗೆ ಭೇದಿ ಹತ್ತಿತ್ತು. ಈಗ ಏನು ಮಾಡಲಿ ಎಂದು ಅವರು ಕೇಳಿದರು.

ನಾನು ವೈದ್ಯನಲ್ಲ. ತಾಯಿ ಮಗುವನ್ನು ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ ಎಂದೆ. ಅಲ್ಲಿನ ವೈದ್ಯರು ಮೊದಲು ಬಾಟಲಿಯನ್ನು ಬಿಡಿಸಿದರು, ಎದೆಹಾಲನ್ನು ಮತ್ತೆ ಹಿಡಿಸಿದರು. ಕೂಸು ಚೇತರಿಸಿಕೊಂಡಿತು. ಔಷಧದಿಂದ ಆಗದಿದ್ದ ಕೇಡು ಹೆದರಿಕೆಯಿಂದ ಆಗಿತ್ತು. ಇಂಥ ಹೆದರಿಕೆ ಅದೊಂದೇ ಮನೆಯದಲ್ಲವಾದ್ದರಿಂದ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗಂಡಸರು ಇದು ಹೆಂಗಸರ ವಿಷಯವೆಂದು ಪುಟ ತಿರುವಬಾರದು. ಪೇಟೆಯಿಂದ ಔಷಧ ತರುವವರು ತಾವೇ ತಾನೆ!

ನಮ್ಮ ಜಠರದಲ್ಲಿ ಅನ್ನವನ್ನು ಅರಗಿಸಲು ಬಲವಾದ ಆಮ್ಲವೊಂದು ಒಸರುತ್ತದೆ. ಜಠರಕ್ಕೂ ಅನ್ನನಾಳಕ್ಕೂ ನಡುವೆ ಕೆರೆಯ ತೂಬಿನಂತೆ ಒಂದು ಬಿಗಿಯಾದ ಸ್ನಾಯು ಇದೆ. ಅನ್ನ ಕೆಳಗಿಳಿಯುವಾಗ ಅದು ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ತೂಬು ಸಡಿಲವಾದರೆ ಹುಳಿ ಮೇಲಕ್ಕೆ ನುಗ್ಗಿ ಎದೆಯ ನಡುವೆ ಉರಿ, ಬಾಯಲ್ಲಿ ಹುಳಿತೇಗು. ಬಸಿರಿನಲ್ಲಿ ಈ ಸ್ನಾಯು ಸಡಿಲವಾಗುವುದು ಸಹಜ. ಹೆರಿಗೆಯಾದ ಮೇಲೆ ಬಹುಮಂದಿಗೆ ತಾನಾಗಿ ಕಡಿಮೆಯಾಗುತ್ತದೆ. ಕೆಲವರಿಗೆ ಉಳಿದುಕೊಳ್ಳುತ್ತದೆ. ಅದಕ್ಕೆ ನಮ್ಮ ಬಾಣಂತನದ ಪದ್ಧತಿಗಳೂ ಕೊಂಚ ಕಾರಣವೆಂದು ನನ್ನ ಅಭಿಪ್ರಾಯ. ಮೆಣಸಿನ ಖಾರ, ತುಪ್ಪ, ಬೆಳ್ಳುಳ್ಳಿ ಹೆಚ್ಚಿದ ಊಟ, ಉಂಡ ಕೂಡಲೆ ಮಲಗಿಸುವುದು, ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಕಟ್ಟುವುದು, ಇವೆಲ್ಲ ಹುಳಿಯನ್ನು ಮೇಲಕ್ಕೊತ್ತುತ್ತವೆ. ಕಟ್ಟನ್ನು ಸಡಿಲಿಸಿರಿ. ಒಮ್ಮೆಗೇ ಹೊಟ್ಟೆ ತುಂಬ ಉಣ್ಣುವ ಬದಲು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಉಣ್ಣಲಿ. ಉಂಡ ಮೇಲೆ ಎರಡು ಮೂರು ಗಂಟೆ ಮಲಗದೆ, ಆ ಹೊತ್ತಿನಲ್ಲಿ ಕೂಸಿಗೆ ಕುಳಿತೇ ಹಾಲೂಡಿಸಲಿ. ಮಂಚದ ತಲೆಯ ಕಡೆಯ ಕಾಲುಗಳಿಗೆ ಎರಡೆರಡು ಇಟ್ಟಿಗೆ ಕೊಟ್ಟು, ಎಡಮಗ್ಗುಲಾಗಿ ಮಲಗಿದರೆ ರಾತ್ರಿಯ ಉರಿ ಎಷ್ಟೋ ತಗ್ಗುತ್ತದೆ. ಕಾಫಿ, ಚಹ ಕಡಿಮೆಯಾಗಲಿ, ಹೊಗೆಸೊಪ್ಪು ಬೇಡವೇ ಬೇಡ. ಬಾಣಂತಿಗೆ ನೀರು ಕೊಡಬಾರದೆಂಬ ಕಟ್ಟಳೆಯನ್ನು ಮಾತ್ರ ದಯವಿಟ್ಟು ಕೈಬಿಡಿರಿ. ಹಾಲೂಡಿಸುವವಳು ಬಾಯಾರಿಕೆ ತೀರುವಷ್ಟು ನೀರು ಕುಡಿಯಲೇಬೇಕು.

ಇಷ್ಟರಿಂದಲೂ ಉರಿ ತಗ್ಗದಿದ್ದರೆ ಆಮ್ಲಶಾಮಕ ಔಷಧ. ಇದರ ಕೆಲಸ ರೈತನಿಗೆ ಹೊಸದೇನಲ್ಲ. ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣದ ಕಲ್ಲಿನ ಪುಡಿ ಹಾಕಿ ಹುಳಿಯನ್ನು ಮುರಿಯುತ್ತೇವಲ್ಲ, ಅದೇ ಇದು. ಆ ಪುಡಿಯಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ವಸ್ತುವೇ ಶುದ್ಧೀಕರಿಸಿದ ರೂಪದಲ್ಲಿ ಕೆಲವು ಗುಳಿಗೆಗಳಲ್ಲಿದೆ. ಡೈಜೀನ್, ಜೆಲುಸಿಲ್ ಮುಂತಾದ ದ್ರವಗಳಲ್ಲಿ ಮೆಗ್ನೀಸಿಯಂ ಹೈಡ್ರಾಕ್ಸೈಡ್, ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎಂಬ ಎರಡು ಕ್ಷಾರಗಳೂ, ವಾಯು ಒಡೆಯುವ ಸಿಮೆಥಿಕೋನ್ ಎಂಬುದೂ ಇರುತ್ತವೆ. ಹೊಲದ ಸುಣ್ಣವನ್ನಾಗಲಿ ಎಲೆಯಡಿಕೆಯ ಸುಣ್ಣವನ್ನಾಗಲಿ ಎದೆಯುರಿಗೆ ತಿನ್ನಕೂಡದು. ಅದು ಸುಟ್ಟ ಸುಣ್ಣ. ಬಾಯಿ, ಗಂಟಲು, ಅನ್ನನಾಳವನ್ನು ಸುಡುತ್ತದೆ.

ಈಗ ಮುಖ್ಯ ಪ್ರಶ್ನೆ. ಇದು ಹಾಲಿಗೆ ಇಳಿಯುತ್ತದೆಯೆ? ಬುಡಕ್ಕೆ ಹಾಕಿದ ಗೊಬ್ಬರ ಕರಗಿ ಬೇರಿಗೆ ಸಿಕ್ಕಿದರೆ ತಾನೆ ಕಾಯಿಗೆ ಹೋಗುವುದು? ಹಾಗೆಯೇ ತಾಯಿ ನುಂಗಿದ ಔಷಧ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಎದೆಗೆ ಹೋಗಬೇಕು. ಮೆಗ್ನೀಸಿಯಂ, ಅಲ್ಯೂಮಿನಿಯಂ ಕ್ಷಾರಗಳು ರಕ್ತಕ್ಕೆ ಸೇರುವುದು ಬಹು ಅಲ್ಪ. ಹೆಚ್ಚಿನದು ಜಠರದಲ್ಲಿ ಹುಳಿಯನ್ನು ಮುರಿದು ಮಲದೊಡನೆ ಹೊರಟುಹೋಗುತ್ತದೆ. ಸಿಮೆಥಿಕೋನ್ ರಕ್ತಕ್ಕೆ ಸೇರುವುದೇ ಇಲ್ಲ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ತಾಯಿಯ ಹಾಲಿನಲ್ಲಿ ಹೇಗೂ ಇರುವ ಖನಿಜಗಳು. ಆದ್ದರಿಂದ ಚೀಟಿಯಲ್ಲಿ ಬರೆದ ಅಳತೆಯಲ್ಲಿ ಇವನ್ನು ಸೇವಿಸಿ ಹಾಲೂಡಿಸಬಹುದು. ಹಾಲನ್ನು ಹಿಂಡಿ ಚೆಲ್ಲಬೇಕಾಗಿಲ್ಲ, ಗಂಟೆಗಟ್ಟಲೆ ಕಾಯಬೇಕಾಗಿಲ್ಲ. ಕೆಲವು ದಿನ ಊಡಿಸದಿದ್ದರೆ ಎದೆಯಲ್ಲಿ ಹಾಲೇ ತಗ್ಗುತ್ತದೆ. ಕರೆಯದೆ ಬಿಟ್ಟ ಹಸುವಿನ ಗತಿ ನಿಮಗೆ ಗೊತ್ತು.

ಬಾಟಲಿಯನ್ನು ಚೆನ್ನಾಗಿ ಕುಲುಕಿ, ಊಟವಾದ ಸುಮಾರು ಒಂದು ಗಂಟೆಗೆ ಕುಡಿಯಬೇಕು. ಬರಿಹೊಟ್ಟೆಯಲ್ಲಿ ಕುಡಿದರೆ ಅರ್ಧ ಗಂಟೆಯಲ್ಲೇ ಇಳಿದುಹೋಗುತ್ತದೆ, ಉಂಡ ಮೇಲಾದರೆ ಎರಡು ಮೂರು ಗಂಟೆ ನಿಲ್ಲುತ್ತದೆ. ಮೆಗ್ನೀಸಿಯಂ ಹೆಚ್ಚಾದರೆ ಭೇದಿ, ಅಲ್ಯೂಮಿನಿಯಂ ಅಥವಾ ಕ್ಯಾಲ್ಸಿಯಂ ಹೆಚ್ಚಾದರೆ ಮಲಬದ್ಧತೆ. ಮೂತ್ರಪಿಂಡದ ರೋಗವಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಎರಡು ವಾರ ಕುಡಿದರೂ ಉರಿ ಬಿಡದಿದ್ದರೆ ಇನ್ನೊಂದು ಬಾಟಲಿ ತರಬೇಡಿರಿ, ವೈದ್ಯರಿಗೆ ತೋರಿಸಿರಿ.

ನಮ್ಮ ಮನೆಗಳಲ್ಲಿ ತಪ್ಪುವುದು ಇನ್ನೊಂದು ಕಡೆ. ಬಾಣಂತಿಗೆ ಹೆರಿಗೆಯ ನಂತರ 180 ದಿನ ದಿನಕ್ಕೊಂದು ಕಬ್ಬಿಣದ ಗುಳಿಗೆಯನ್ನೂ, ಬೇರೆ ಹೊತ್ತಿನಲ್ಲಿ ಕ್ಯಾಲ್ಸಿಯಂ ಗುಳಿಗೆಯನ್ನೂ ಆರೋಗ್ಯ ಕೇಂದ್ರದಿಂದ ಕೊಡುತ್ತಾರೆ. ಕಬ್ಬಿಣದ ಗುಳಿಗೆಯ ಜೊತೆಗೇ ಆಮ್ಲಶಾಮಕವನ್ನು ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಆರು ತಿಂಗಳು ಗುಳಿಗೆ ನುಂಗಿಯೂ ರಕ್ತಹೀನತೆ ಹೋಗಲಿಲ್ಲ ಎನ್ನುವವರಲ್ಲಿ ಈ ಕಾರಣವೂ ಇರಬಹುದು. ಎರಡಕ್ಕೂ ನಡುವೆ ಕಡೆಯ ಪಕ್ಷ ಎರಡು ಗಂಟೆಯ ಅಂತರವಿರಲಿ. ಥೈರಾಯ್ಡ್ ಗುಳಿಗೆಗಾದರೆ ನಾಲ್ಕು ಗಂಟೆ. ಕ್ಯಾಲ್ಸಿಯಂ ಗುಳಿಗೆ ತೆಗೆದುಕೊಳ್ಳುತ್ತಿರುವಾಗ ಅದರ ಮೇಲೆ ಕ್ಯಾಲ್ಸಿಯಂ ಇರುವ ಆಮ್ಲಶಾಮಕವನ್ನೂ ಸೇರಿಸುವುದು ಬೇಡ.

ಅಡಿಗೆ ಸೋಡವೂ, ನೀರಿಗೆ ಹಾಕಿದರೆ ನೊರೆಯುಕ್ಕುವ ಪುಡಿಗಳೂ ಕೂಡಲೆ ತಂಪೆನಿಸುತ್ತವೆ. ಆದರೆ ಸೋಡ ರಕ್ತಕ್ಕೆ ಸೇರುತ್ತದೆ, ಉಪ್ಪಿನ ಅಂಶ ಹೆಚ್ಚಿಸುತ್ತದೆ. ಅದನ್ನು ದಿನದ ಅಭ್ಯಾಸ ಮಾಡಿಕೊಳ್ಳಬಾರದು. ರಕ್ತದೊತ್ತಡ ಇರುವ ಬಾಣಂತಿಗಂತೂ ಸಲ್ಲದು. ಆಸ್ಪಿರಿನ್ ಬೆರೆತ ನೊರೆಗುಳಿಗೆಗಳೂ, ಬಿಸ್ಮತ್ ಸಬ್‌ಸ್ಯಾಲಿಸಿಲೇಟ್ ಇರುವ ಔಷಧವೂ ಹಾಲೂಡಿಸುವವರಿಗೆ ಬೇಡ. ಗಂಟಲನ್ನು ಮರಗಟ್ಟಿಸುವ ಔಷಧ ಬೆರೆಸಿದ ಬಾಟಲಿಗಳಿವೆ. ಅವನ್ನು ಕೇಳಿಯೇ ತೆಗೆದುಕೊಳ್ಳಬೇಕು. ಹುಳಿ ಒಸರುವುದನ್ನೇ ತಡೆಯುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ಫ್ಯಾಮೊಟಿಡಿನ್ ಗುಳಿಗೆಗಳು ಹಾಲಿಗೆ ಇಳಿಯುವುದು ಅಲ್ಪವೇ; ವೈದ್ಯರು ಬರೆದುಕೊಟ್ಟರೆ ಹೆದರಿ ಹಾಲು ಬಿಡಿಸಬೇಡಿರಿ. ಆದರೆ ಅಂಗಡಿಯವರು ಕೊಡುವ ಗುಳಿಗೆಯಲ್ಲಿ ಡೋಂಪೆರಿಡೋನ್ ಸೇರಿರುವುದುಂಟು. ಅದು ಎದೆಬಡಿತವನ್ನು ಕೆಡಿಸಬಲ್ಲುದಾದ್ದರಿಂದ ಚೀಟಿಯಿಲ್ಲದೆ ತರಬಾರದು. ತಾಯಿಯ ಔಷಧವನ್ನು ಕೂಸಿನ ಬಾಯಿಗೆ ಒಂದು ಹನಿಯೂ ಹಾಕಕೂಡದು.

ಎಲ್ಲ ಉರಿಯೂ ಹುಳಿಯಿಂದಲೇ ಬರುವುದಲ್ಲ ಎಂಬುದನ್ನು ಹೇಳದಿದ್ದರೆ ಈ ಪಾಠ ಅಪಾಯಕಾರಿ. ಹೆರಿಗೆಯಾಗಿ ಆರು ವಾರದೊಳಗೆ ಬಲಪಕ್ಕೆಯ ಕೆಳಗೆ ಅಥವಾ ಎದೆಗುಳಿಯಲ್ಲಿ ಬಲವಾದ ನೋವು, ಅದರೊಡನೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು ಕಂಡರೆ ಅದು ರಕ್ತದೊತ್ತಡ ಏರಿದ ಗುರುತಾಗಿರಬಹುದು. ಫಿಟ್ಸ್ ಬಂದು ತಾಯಿಯ ಪ್ರಾಣಕ್ಕೇ ಕುತ್ತಾಗಬಹುದು. ಬಿಳಿ ಔಷಧ ಕುಡಿಸುತ್ತ ಬೆಳಗಿನವರೆಗೆ ಕಾಯಬೇಡಿರಿ, ರಾತ್ರಿಯಾದರೂ 108ಕ್ಕೆ ಫೋನು ಮಾಡಿರಿ. ಎದೆ ಹಿಂಡಿದಂತಾಗಿ ಬೆವರು ಬರುವುದು, ನೋವು ತೋಳಿಗೆ ದವಡೆಗೆ ಹರಡುವುದು, ರಕ್ತವಾಂತಿ, ಡಾಂಬರಿನಂಥ ಜಿಗುಟು ಕಪ್ಪು ಮಲ, ಇವಕ್ಕೂ ಹಾಗೆಯೇ. ಕಬ್ಬಿಣದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅನುಮಾನವಿದ್ದರೆ ತೋರಿಸಿಬಿಡಿರಿ. ನುಂಗುವುದು ಕಷ್ಟವಾದರೆ, ಮೈ ಇಳಿಯುತ್ತಿದ್ದರೆ ಮರುದಿನವೇ ಆಸ್ಪತ್ರೆಗೆ ಹೋಗಿರಿ. ಹೋಗುವಾಗ ತಾಯಿ ಕಾರ್ಡನ್ನೂ, ಮನೆಯಲ್ಲಿ ಕುಡಿಯುತ್ತಿದ್ದ ಬಾಟಲಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿರಿ, ಕೂಸನ್ನು ಜೊತೆಯಲ್ಲೇ ಕರೆದೊಯ್ಯಿರಿ.