ಜೀವವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೇಲೆ

ಕಡಲಿನಲ್ಲಿ ತೇಲುವ ಒಂದು ಬಗೆಯ ಅಂಬಲಿಮೀನಿನ ಮೈಯಲ್ಲಿ, ನೀಲಿ ಬೆಳಕು ಬಿದ್ದೊಡನೆ ಹಸಿರಾಗಿ ಹೊಳೆಯುವ ಪ್ರೋಟೀನೊಂದು ಇದೆ. ಜೀವಕೋಶದೊಳಗೆ ಎಲ್ಲಿ ಏನು ನಡೆಯುತ್ತಿದೆಯೆಂಬುದನ್ನು ಕಣ್ಣಾರೆ ಕಾಣುವುದಕ್ಕೆ ಅದು ಪುಟ್ಟ ದೀಪದಂತೆ ಒದಗುವುದು. ಈ ಪ್ರೋಟೀನನ್ನು ಕಂಡುಹಿಡಿದು ಬೆಳೆಸಿದುದಕ್ಕಾಗಿ ಶಿಮೋಮುರ, ಚಾಲ್ಫಿ, ಚೆನ್ ಎಂಬ ಮೂವರಿಗೆ 2008ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಅದನ್ನು ನಿರ್ಮಿಸುವ ಜೀನನ್ನು ಮೊದಲು ಬೇರ್ಪಡಿಸಿ, 1992ರಲ್ಲಿ ಅದರ ರಚನೆಯನ್ನು ಪ್ರಕಟಿಸಿದವರು ಡಗ್ಲಸ್ ಪ್ರಾಷರ್ ಎಂಬ ಅಮೆರಿಕದ ಜೀವರಸಾಯನ ವಿಜ್ಞಾನಿ. ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯಲ್ಲಿದ್ದ ಅವರಿಗೆ ಮುಂದಿನ ಕೆಲಸಕ್ಕೆ ಅನುದಾನ ದೊರೆಯಲಿಲ್ಲ. ಚಾಲ್ಫಿ ಮತ್ತು ಚೆನ್ ಕೇಳಿದಾಗ ಅವರು ಆ ಜೀನನ್ನು ಧಾರಾಳವಾಗಿ ಕಳುಹಿಸಿಕೊಟ್ಟರು. ನೊಬೆಲ್ ವಾರ್ತೆ ಹೊರಬಿದ್ದಾಗ ಪ್ರಾಷರ್ ಅಲಬಾಮ ಪ್ರಾಂತದ ಹಂಟ್ಸ್‌ವಿಲ್ ಊರಿನಲ್ಲಿ, ಮೋಟಾರು ಮಾರುವ ಮಳಿಗೆಯೊಂದರ ಗಿರಾಕಿಗಳನ್ನು ಕರೆದೊಯ್ಯುವ ವ್ಯಾನು ನಡೆಸುತ್ತಿದ್ದರು. ಮುಂದೆ 2012ರಲ್ಲಿ ಚೆನ್ ಅವರ ಪ್ರಯೋಗಶಾಲೆಯಲ್ಲಿಯೇ ಅವರಿಗೆ ಕೆಲಸ ದೊರೆಯಿತು.

ಜೀವವಿಜ್ಞಾನವನ್ನು ಆರಿಸಿಕೊಂಡ ವಿದ್ಯಾರ್ಥಿಗಳು ಕೆಲವು ಸಲ ನಮ್ಮ ಬಳಿಗೂ ಬಂದು, ಪಿಎಚ್.ಡಿ. ಮಾಡಿದರೆ ಕೆಲಸ ಸಿಕ್ಕುವುದೇ ಎಂದು ಕೇಳುವುದುಂಟು. ಭೌತಶಾಸ್ತ್ರದ ಉಪನ್ಯಾಸಕರನ್ನು ಇದನ್ನು ಕೇಳುವುದೇಕೆಂದು ನಮಗೆ ಮೊದಲು ಅನಿಸಿತ್ತು. ಯೋಚಿಸಿ ನೋಡಿದರೆ ಪ್ರಶ್ನೆಯ ಒಂದು ಭಾಗಕ್ಕೆ ಉತ್ತರ ನಮ್ಮ ಶಾಸ್ತ್ರದಲ್ಲಿಯೇ ಇದೆ.

ಯುರೇನಿಯಮ್ 235ರ ಪರಮಾಣು ಬೀಜ ಒಡೆದಾಗ ಸರಾಸರಿ ಎರಡೂವರೆಯಷ್ಟು ನ್ಯೂಟ್ರಾನುಗಳು ಹೊರಬರುತ್ತವೆ. ಪರಮಾಣು ಸ್ಥಾವರವು ಒಂದೇ ಮಟ್ಟದಲ್ಲಿ ನಡೆಯಬೇಕಾದರೆ ಇವುಗಳಲ್ಲಿ ಸರಾಸರಿ ಒಂದು ಮಾತ್ರ ಮತ್ತೊಂದು ಬೀಜವನ್ನು ಒಡೆಯಬೇಕು. ಉಳಿದವು ಬೇರೆಲ್ಲಿಯಾದರೂ ಹೀರಲ್ಪಡಬೇಕು. ಈಗ ಒಬ್ಬ ಪ್ರಾಧ್ಯಾಪಕರನ್ನು ತೆಗೆದುಕೊಳ್ಳೋಣ. ಮೂವತ್ತು ವರ್ಷಗಳ ಸೇವೆಯಲ್ಲಿ ಅವರು ಹನ್ನೆರಡು ಮಂದಿಗೆ ಮಾರ್ಗದರ್ಶನ ಮಾಡಿ ಡಾಕ್ಟರೇಟ್ ಕೊಡಿಸಿದರೆನ್ನಿ. ಅವರು ನಿವೃತ್ತರಾದಾಗ ತೆರವಾಗುವ ಪೀಠ ಒಂದೇ. ದೇಶದಲ್ಲಿ ಅಂಥ ಹುದ್ದೆಗಳು ಮೂವತ್ತು ವರ್ಷಗಳಲ್ಲಿ ಇಮ್ಮಡಿಯಾದರೂ ಹನ್ನೆರಡು ಮಂದಿಯಲ್ಲಿ ಇಬ್ಬರಿಗೆ ಸ್ಥಳ ದೊರೆತೀತು. ಉಳಿದ ಹತ್ತು ಮಂದಿ ದಡ್ಡರೆಂದು ಇದರ ಅರ್ಥವಲ್ಲ. ಹನ್ನೆರಡು ಮಂದಿಯೂ ಸಮಾನ ಪ್ರತಿಭಾವಂತರಾಗಿದ್ದರೂ ಲೆಕ್ಕ ಬದಲಾಗುವುದಿಲ್ಲ. ನೇಮಕ ಸಿಕ್ಕದ ಎಷ್ಟೋ ತರುಣರು ತಮ್ಮ ಯೋಗ್ಯತೆಯನ್ನೇ ಶಂಕಿಸುತ್ತ ಕೊರಗುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಅಮೆರಿಕದ ಅಂಕಿಗಳು ಇದನ್ನೇ ಹೇಳುತ್ತವೆ. 1973ರಲ್ಲಿ ಅಲ್ಲಿ ಜೀವವಿಜ್ಞಾನದ ಡಾಕ್ಟರೇಟ್ ಪಡೆದವರಲ್ಲಿ ಶೇಕಡ 55ರಷ್ಟು ಮಂದಿ, ಆರು ವರ್ಷಗಳೊಳಗೆ ಖಾಯಮಾಗಬಲ್ಲ ಬೋಧಕ ಹುದ್ದೆಗಳನ್ನು ಸೇರುತ್ತಿದ್ದರು. 2006ರ ವೇಳೆಗೆ ಆ ಪ್ರಮಾಣ ಶೇಕಡ 15ಕ್ಕೆ ಇಳಿದಿತ್ತು. ಇದಕ್ಕೆ ಕಾರಣವೇನು? ಹಣದ ಕೊರತೆಯೆಂದು ಥಟ್ಟನೆ ಹೇಳಿಬಿಡಬಹುದು. ಆದರೆ ಅದು ಅರ್ಧ ಸತ್ಯ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಆಯವ್ಯಯವು 1998ರಿಂದ 2003ರವರೆಗಿನ ಐದು ವರ್ಷಗಳಲ್ಲಿ ಇಮ್ಮಡಿಯಾಯಿತು. ಹಣ ಬಂದೊಡನೆ ಪ್ರಯೋಗಶಾಲೆಗಳು ಬೆಳೆದವು, ಸಂಶೋಧನಾರ್ಥಿಗಳ ಸಂಖ್ಯೆಯೂ ಬೆಳೆಯಿತು. ಬಳಿಕ ಆಯವ್ಯಯ ಏರದೆ ನಿಂತಿತು. ಹಣವಿದ್ದ ಕಾಲದಲ್ಲಿ ಒಳಗೆ ಹೋದ ವಿದ್ಯಾರ್ಥಿ ಹೊರಗೆ ಬರುವಾಗ ಬಾಗಿಲು ಕಿರಿದಾಗಿತ್ತು. ಪ್ರಯೋಗಶಾಲೆಯ ದೈನಂದಿನ ಕೆಲಸವನ್ನೆಲ್ಲ ಮಾಡುವವರು ವಿದ್ಯಾರ್ಥಿಗಳೂ, ಡಾಕ್ಟರೇಟ್ ಮುಗಿಸಿ ಅಲ್ಪಾವಧಿಯ ವೇತನದ ಮೇಲೆ ದುಡಿಯುವ ಡಾಕ್ಟರೇಟೋತ್ತರ ಸಂಶೋಧಕರೂ ಆಗಿರುವುದರಿಂದ, ಹೊರಗೆ ಕೆಲಸವಿದೆಯೋ ಇಲ್ಲವೋ ಎಂಬುದನ್ನು ನೋಡದೆಯೇ ಹೊಸಬರನ್ನು ತೆಗೆದುಕೊಳ್ಳುವುದು ನಡೆದುಬರುತ್ತದೆ. ಬ್ರೂಸ್ ಆಲ್ಬರ್ಟ್ಸ್, ಹೆರಾಲ್ಡ್ ವಾರ್ಮಸ್ ಮೊದಲಾದ ನಾಲ್ವರು ಹಿರಿಯ ವಿಜ್ಞಾನಿಗಳು 2014ರಲ್ಲಿ ಈ ದೋಷವನ್ನು ಬಿಚ್ಚಿ ಬರೆದು, ಖಾಯಂ ಸಂಬಳದ ಸಂಶೋಧಕರನ್ನು ಹೆಚ್ಚಾಗಿ ನೇಮಿಸಬೇಕೆಂದು ಸೂಚಿಸಿದರು.

ನಮ್ಮ ದೇಶದ ಸಂಗತಿ ಕೆಲಮಟ್ಟಿಗೆ ಬೇರೆ. ಇಪ್ಪತ್ತಮೂರಕ್ಕೆ ಎಂ.ಎಸ್ಸಿ. ಮುಗಿಸಿದವನು ಐದಾರು ವರ್ಷ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆಯುವ ವೇಳೆಗೆ ಮೂವತ್ತರ ಹೊಸ್ತಿಲಲ್ಲಿರುತ್ತಾನೆ. ಕೇಂದ್ರದ ಕಿರಿಯ ಸಂಶೋಧನಾ ವೇತನವು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೂ, ಹಿರಿಯ ವೇತನವು 42,000 ರೂಪಾಯಿಗೂ ಏರಿತು. ಇದು ಹೊಟ್ಟೆಗೆ ಸಾಲದ ಹಣವಲ್ಲ. ಆದರೆ ಕೈಸೇರುವುದು ತಡವಾದರೆ ಮನೆಯಿಂದ ಹಣ ತರಿಸಿಕೊಳ್ಳಬೇಕಾಗುವುದು. ಮನೆಯ ಭಾರ ಹೊತ್ತವನು ಸೇರುವ ಮೊದಲೇ ಇದನ್ನು ತೂಗಿ ನೋಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಗಳಂಥ ಕಡೆ ಸ್ವತಂತ್ರ ಸಂಶೋಧಕನ ಹುದ್ದೆ ಬೇಕೆನ್ನುವವನು, ಅದರ ಮೇಲೆ ಮತ್ತೆ ಮೂರು ನಾಲ್ಕು ವರ್ಷ, ಹಲವು ವೇಳೆ ವಿದೇಶದಲ್ಲಿ, ಡಾಕ್ಟರೇಟೋತ್ತರ ಸಂಶೋಧನೆ ಮಾಡುವುದು ವಾಡಿಕೆ.

ಇನ್ನು ಕಾಲೇಜಿನ ಉಪನ್ಯಾಸಕ ವೃತ್ತಿಯೇ ಗುರಿಯಾದರೆ, ಎಂ.ಎಸ್ಸಿ.ಯೊಡನೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾದವರೂ ಅರ್ಹರೇ. ಇದನ್ನು ಬರೆಯುತ್ತಿರುವ ನಾವೂ ಎಂ.ಎಸ್ಸಿ.ಗೆ ನಿಂತವರು. ಸರಕಾರಿ ಕಾಲೇಜುಗಳ ಖಾಯಂ ನೇಮಕ ವರ್ಷವರ್ಷವೂ ನಡೆಯುವುದಿಲ್ಲ. ನಡುವಿನ ಕಾಲವನ್ನು ಅತಿಥಿ ಉಪನ್ಯಾಸಕರಾಗಿ ಕಳೆಯುತ್ತ, ಪ್ರತಿ ವರ್ಷ ಮತ್ತೆ ಕರೆ ಬರುವುದೋ ಇಲ್ಲವೋ ಎಂದು ಕಾಯುವ ವಿದ್ಯಾವಂತರು ನಮ್ಮ ನಾಡಿನಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಡಾಕ್ಟರೇಟ್ ಪಡೆದವರೂ ಉಂಟು.

ಹಾಗಾದರೆ ಉಳಿದ ನ್ಯೂಟ್ರಾನುಗಳು ಹೋಗುವುದೆಲ್ಲಿಗೆ? ಬೆಂಗಳೂರಿನಲ್ಲಿ 1978ರಲ್ಲಿ ಆರಂಭವಾದ ಬಯೋಕಾನ್, 1993ರಲ್ಲಿ ಹುಟ್ಟಿ ಇತರ ಕಂಪನಿಗಳ ಪರವಾಗಿ ಸಂಶೋಧನೆ ಮಾಡಿಕೊಡುವ ಸಿಂಜಿನ್, ಇಂಥ ಸಂಸ್ಥೆಗಳು ಜೀವವಿಜ್ಞಾನಿಗಳನ್ನು ನೇಮಿಸಿಕೊಳ್ಳುತ್ತವೆ. ಔಷಧಗಳನ್ನು ರೋಗಿಗಳ ಮೇಲೆ ಪರೀಕ್ಷಿಸುವ ಕಾರ್ಯದ ಮೇಲ್ವಿಚಾರಣೆ, ಪೇಟೆಂಟ್ ಅರ್ಜಿಗಳ ಪರಿಶೀಲನೆ, ಬಿತ್ತನೆ ಬೀಜದ ಸಂಶೋಧನೆ, ವೈಜ್ಞಾನಿಕ ಪತ್ರಿಕೆಗಳ ಸಂಪಾದನೆ, ಇವೂ ಉಂಟು. ಜೀನುಗಳ ಅನುಕ್ರಮವನ್ನು ಗಣಕಯಂತ್ರದಿಂದ ವಿಶ್ಲೇಷಿಸುವ ಕೆಲಸಕ್ಕೆ ಎಲ್ಲ ಕಡೆಯೂ ಬೇಡಿಕೆಯಿದೆ. ಗಣಿತಕ್ಕೆ ಹೆದರಿ ಜೀವವಿಜ್ಞಾನಕ್ಕೆ ಬಂದೆವೆನ್ನುವ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. ಗಣಿತವು ಅವರಿಗಿಂತ ಮೊದಲೇ ಅಲ್ಲಿಗೆ ಹೋಗಿ ಕುಳಿತಿದೆ! ಸಂಖ್ಯಾಶಾಸ್ತ್ರವನ್ನೂ ಗಣಕಕ್ಕೆ ಕ್ರಮವಿಧಿ ಬರೆಯುವುದನ್ನೂ ಬಿ.ಎಸ್ಸಿ.ಯಲ್ಲಿಯೇ ಕಲಿಯುವುದು ಲೇಸು.

ಅರ್ಜಿ ಬರೆಯುವಾಗ ಡಾಕ್ಟರೇಟ್ ಪಡೆದವರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ವಿಶ್ವವಿದ್ಯಾನಿಲಯಕ್ಕೆ ಬರೆಯುವ ರೀತಿಯಲ್ಲಿಯೇ ಕಂಪನಿಗೂ ಬರೆದು, ಪ್ರಬಂಧದ ಉದ್ದವಾದ ಶೀರ್ಷಿಕೆಯನ್ನೂ ಪ್ರಕಟವಾದ ಲೇಖನಗಳ ಪಟ್ಟಿಯನ್ನೂ ಮುಂದಿಡುತ್ತಾರೆ. ಭತ್ತದ ಬೇರಿನ ಬ್ಯಾಕ್ಟೀರಿಯಗಳನ್ನು ಕುರಿತು ಸಂಶೋಧನೆ ಮಾಡಿದವನನ್ನು ನೋಡಿ, ಇವನಿಂದ ನಮಗೇನು ಪ್ರಯೋಜನವೆಂದು ಔಷಧ ಕಂಪನಿಯ ಅಧಿಕಾರಿ ಪತ್ರವನ್ನು ಬದಿಗಿಟ್ಟಾನು. ಅದೇ ಅಭ್ಯರ್ಥಿಯು, ನೂರಾರು ತಳಿಗಳನ್ನು ಪ್ರತ್ಯೇಕಿಸಿ ಬೆಳೆಸಿದ್ದೇನೆ, ಪ್ರೋಟೀನುಗಳನ್ನು ಶುದ್ಧೀಕರಿಸಬಲ್ಲೆ, ಉಪಕರಣ ಕೆಟ್ಟಾಗ ನಾನೇ ಸರಿಪಡಿಸಿದ್ದೇನೆ, ಇಬ್ಬರು ಕಿರಿಯರಿಗೆ ಕೆಲಸ ಕಲಿಸಿದ್ದೇನೆ ಎಂದು ಎರಡು ಪುಟಗಳಲ್ಲಿ ಬರೆದರೆ ಅಧಿಕಾರಿ ಕೊನೆಯವರೆಗೆ ಓದುತ್ತಾನೆ. ಹೇಳಿರುವ ಸಂಗತಿ ಎರಡರಲ್ಲಿಯೂ ಒಂದೇ. ಪ್ರಬಂಧ ಒಪ್ಪಿಸಿದ ಮೇಲೆ ಹುಡುಕಾಟ ಆರಂಭಿಸಿದರೆ ತಡವಾಯಿತು. ವೇತನ ನಿಲ್ಲುವುದಕ್ಕೆ ಒಂದು ವರ್ಷ ಮೊದಲೇ ಪತ್ರ ವ್ಯವಹಾರ ತೊಡಗಬೇಕು.

ಸಂಶೋಧನೆಗೆ ಸೇರುವವರು ಮಾರ್ಗದರ್ಶಕರನ್ನು ಭೇಟಿಯಾದಾಗ ವಿಷಯದ ಸ್ವಾರಸ್ಯವನ್ನು ಮಾತ್ರ ವಿಚಾರಿಸಿಕೊಂಡು ಹಿಂತಿರುಗುವುದುಂಟು. ಇನ್ನೊಂದು ಪ್ರಶ್ನೆಯನ್ನು ವಿನಯದಿಂದಲೇ ಕೇಳಬಹುದು: ಸರ್, ಕಳೆದ ಹತ್ತು ವರ್ಷಗಳಲ್ಲಿ ತಮ್ಮಲ್ಲಿ ಡಾಕ್ಟರೇಟ್ ಮುಗಿಸಿದವರು ಈಗ ಎಲ್ಲೆಲ್ಲಿದ್ದಾರೆ? ಒಳ್ಳೆಯ ಮಾರ್ಗದರ್ಶಕರು ಒಬ್ಬೊಬ್ಬರ ಹೆಸರನ್ನೂ ಹೇಳಿ, ಕಂಪನಿಗೆ ಹೋದವನ ವಿಷಯವನ್ನೂ ಪ್ರಾಧ್ಯಾಪಕನಾದವನ ವಿಷಯವನ್ನೂ ಒಂದೇ ಅಭಿಮಾನದಿಂದ ತಿಳಿಸುವರು. ಅನಂತರ ಆ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರಿಗಾದರೂ ಪತ್ರ ಬರೆದು ವಿಚಾರಿಸತಕ್ಕದ್ದು.