ಗಿರಣಿಯ ಬೆಲ್ಟು: ಘರ್ಷಣೆ ಮತ್ತು ಕಂಪನ

ಘರ್ಷಣೆಯು ಶಕ್ತಿಯನ್ನು ಪೋಲುಮಾಡುತ್ತದೆಂದು ಪಾಠದಲ್ಲಿ ಓದುತ್ತೇವೆ. ಆದರೆ ನಮ್ಮ ಗುಡಿಬಂಡೆಯ ಸೀಮೆಯಲ್ಲಿ ರಾಗಿ ಬೀಸುವ ಗಿರಣಿಯ ಕಲ್ಲು ತಿರುಗುವುದು ಬೆಲ್ಟಿಗೂ ರಾಟೆಗೂ ನಡುವಣ ಘರ್ಷಣೆಯಿಂದಲೇ ಎಂಬುದನ್ನು ವಿದ್ಯಾರ್ಥಿಗಳ ಗಮನಕ್ಕೆ ತರಬಯಸುತ್ತೇನೆ.

ಬೆಲ್ಟಿನ ಒಂದು ಬದಿ ಬಿಗಿಯಾಗಿಯೂ ಇನ್ನೊಂದು ಸಡಿಲವಾಗಿಯೂ ಇರುತ್ತದೆ. ಈ ಎರಡು ಎಳೆತಗಳ ವ್ಯತ್ಯಾಸವೇ ರಾಟೆಯನ್ನು ತಿರುಗಿಸುವ ಬಲ. ಗಣಿತಜ್ಞ ಆಯ್ಲರ್ (1707–1783) ಹೆಸರಿನ ಸೂತ್ರದಂತೆ, ಘರ್ಷಣಾ ಗುಣಾಂಕ 0.3 ಆಗಿದ್ದು ಚಪ್ಪಟೆ ಬೆಲ್ಟು ರಾಟೆಯ ಅರ್ಧಸುತ್ತನ್ನು ತಬ್ಬಿದ್ದರೆ, ಬಿಗಿ ಬದಿಯ ಎಳೆತವು ಸಡಿಲ ಬದಿಯದರ ಸುಮಾರು 2.6 ಪಟ್ಟಿನವರೆಗೆ ಏರಬಲ್ಲದು, ಕಾಲುಸುತ್ತಾದರೆ 1.6 ಪಟ್ಟು ಮಾತ್ರ. ಭಾರವು ಈ ಮಿತಿಯನ್ನು ಮೀರಿದರೆ ಬೆಲ್ಟು ಜಾರಿ ಬಿಸಿಯೇರುತ್ತದೆ.

ಎರಡು ರಾಟೆಗಳ ನಡುವಣ ಬೆಲ್ಟು ತಂಬೂರಿಯ ತಂತಿಯಿದ್ದಂತೆ. ಉದ್ದ, ತೂಕ, ಎಳೆತಗಳಿಗೆ ತಕ್ಕ ಸಹಜ ಆವೃತ್ತಿ ಅದಕ್ಕುಂಟು. ಬೆಲ್ಟಿನ ಬೆಸುಗೆ ಅಥವಾ ಕೇಂದ್ರ ತಪ್ಪಿದ ರಾಟೆ ಕೊಡುವ ಪೆಟ್ಟುಗಳು ಆ ಆವೃತ್ತಿಗೆ ಹೊಂದಿದಾಗ ಅನುರಣನವುಂಟಾಗಿ ಬೆಲ್ಟು ಪಟಪಟನೆ ಬಡಿದುಕೊಳ್ಳುತ್ತದೆ. ಮಿತಿಮೀರಿ ಬಿಗಿದರೆ ಬೇರಿಂಗುಗಳು ಸವೆಯುತ್ತವೆ. ರಾಟೆಗಳನ್ನು ಒಂದೇ ನೇರಕ್ಕೆ ತಂದು ಹದವಾಗಿ ಬಿಗಿಯುವುದೇ ಪರಿಹಾರ.

ಈ ಕೆಲಸವನ್ನು ಯಂತ್ರ ನಿಲ್ಲಿಸಿಯೇ ಮಾಡಬೇಕು. ಕಲ್ಲನ್ನು ತಿರುಗಿಸುವ ಘರ್ಷಣೆಯೇ ಸೀರೆಯ ಸೆರಗನ್ನೂ ಕೈಯನ್ನೂ ಒಳಗೆಳೆಯಬಲ್ಲದು. ಆದುದರಿಂದ ಬೆಲ್ಟಿಗೆ ತಂತಿಬಲೆಯ ಮರೆ ಅತ್ಯವಶ್ಯ.